ನೀಲಿ ಮೀನಿನ ಕಣ್ಣಿನ ತನಕ

ಬೆಳಗಿನ ಐದೂವರೆ. ಅಡುಗೆಮನೆಯ ಕಟ್ಟೆಯ ಮೇಲೆ ಹದಿನಾಲ್ಕು ಲೋಟ, ಕಪ್ಪು, ಮಗ್ಗುಗಳು ಸಾಲಾಗಿ ನಿಂತಿವೆ. ನಲವತ್ತಾರರ ಹೆಂಗಸೊಬ್ಬರು ಒಂದಕ್ಕೆ ನೀರು ಹುಯ್ದು, ಅದನ್ನು ಗೆರೆ ಹಾಕಿದ ಅಳತೆ ಪಾತ್ರೆಗೆ ಬಗ್ಗಿಸಿ, ಕಣ್ಣು ಕಿರಿದು ಮಾಡಿ ನೋಡಿ, ಲ್ಯಾಪ್‌ಟಾಪಿನಲ್ಲಿ ಏನೋ ಬರೆಯುತ್ತಾರೆ. ನನಗೆ ತಲೆಬುಡ ಅರ್ಥವಾಗುವುದಿಲ್ಲ. ಕುಡಿತ ಕಡಿಮೆ ಮಾಡಿಸುವವರನ್ನು ನೋಡಿ ಪತ್ರಿಕೆಗೆ ಬರೆಯಲು ಬಂದವನು ನಾನು, ಇಲ್ಲಿ ನೋಡಿದರೆ ಪಾತ್ರೆ ಅಂಗಡಿ.

ಕೇಳಿದ ಮೇಲೆ ಅಷ್ಟಿಷ್ಟು ತಿಳಿಯುತ್ತದೆ. ಕುಡಿತ ತಗ್ಗಿಸಿಕೊಳ್ಳಬೇಕೆನ್ನುವವರು ಹೆಸರು ಹೇಳದೆ ಸೇರಬಹುದಾದ ಆನ್‌ಲೈನ್ ಕಾರ್ಯಕ್ರಮವಿದು. ಹಿಂದಿನ ದಿನ ಎಷ್ಟು ಕುಡಿದೆ ಎಂದು ಬೆಳಿಗ್ಗೆ ಎದ್ದು ತಾವೇ ಬರೆಯಬೇಕು. ಅಲ್ಲಿ ಕೇಳುವುದು ಮಿಲಿಲೀಟರು. ಜನ ಬರೆಯುವುದು ಮಾತ್ರ 'ಹಲ್ಲುಜ್ಜೋ ಮಗ್ಗಿನಲ್ಲಿ ಅರ್ಧ', 'ಅತ್ತೆ ಕಪ್ಪಿನಲ್ಲಿ ಎರಡು'. ಅಂಥದೇ ಪಾತ್ರೆಯಲ್ಲಿ ನೀರು ಅಳೆದು, ಅದನ್ನು ಮಿಲಿಲೀಟರಿಗೆ ಇಳಿಸಿ ಎರಡು ಸಾಲು ಉತ್ತರ ಬರೆಯುವುದು ಇವರ ಕೆಲಸ. ದಿನಕ್ಕೆ ಅರವತ್ತು, ಎಪ್ಪತ್ತು ಮಂದಿ. ಜೊತೆಯವರು ಇವರಿಗೆ 'ಅಳತೆ ಅಕ್ಕ' ಅಂತಲೇ ಹೆಸರಿಟ್ಟಿದ್ದಾರೆ.

"ದಿನಾ ಸೊನ್ನೆ ಬರೆಯೋರನ್ನ ನಂಬೋದು ಕಷ್ಟ. ಮೂರೂಮುಕ್ಕಾಲು ಲೋಟ ಅಂತ ಬರೀತಾರಲ್ಲ, ಅವರು ನಿಜ ಹೇಳ್ತಾರೆ," ಎನ್ನುತ್ತಾರೆ ಅಕ್ಕ. "ಬರೆಯೋದೇ ನಿಲ್ಲಿಸಿದೋರ ಕಥೆ ದೇವರಿಗೇ ಗೊತ್ತು. ಕುಡಿಯೋದು ಬಿಟ್ರೋ, ನಮ್ಮನ್ನ ಬಿಟ್ರೋ."

ಸಾಲಿನ ಕೊನೆಯದು ಗಾಜಿನ ಲೋಟ. ಅದರ ಮೇಲೆ ಬಾಯಿ ಮೇಲೆ ಮಾಡಿ ಈಜುವ ನೀಲಿ ಮೀನು. ಆರು ತಿಂಗಳ ಹಿಂದೆ ಯಾರೋ 'ನೀಲಿ ಮೀನಿನ ಕಣ್ಣಿನ ತನಕ, ಮೂರು ಸಲ' ಎಂದು ಬರೆದರಂತೆ. ಅಕ್ಕ ಎದ್ದು ಹೋಗಿ ಕಪಾಟಿನಿಂದ ಈ ಲೋಟ ತಂದರು. ಇದರ ಜೊತೆಯ ಇನ್ನೊಂದು ಲೋಟವನ್ನು ಒಯ್ದವನು ಇವರ ತಮ್ಮ. ಎರಡು ವರ್ಷದ ಕೆಳಗೆ ಅವನ ಬಾಟಲಿಯನ್ನು ಸಿಂಕಿಗೆ ಸುರಿದು, ಇನ್ನು ಮುಖ ತೋರಿಸಬೇಡ ಎಂದಿದ್ದರು. ಅವನು ತೋರಿಸಲಿಲ್ಲ. ಫೋನ್ ನಂಬರನ್ನೂ ಬದಲಾಯಿಸಿದ.

ಬರೆದವನು ಅವನೇನಾ? ಅಂಥ ಲೋಟ ಊರಿಗೆಲ್ಲ ಮಾರಿದ್ದಾರೆ. ನೀನು ಯಾರು ಎಂದು ಕೇಳುವಂತಿಲ್ಲ, ಅದು ಇಲ್ಲಿನ ಮೊದಲ ನಿಯಮ. ಕೇಳಿದರೆ ಬರೆಯುವುದನ್ನೇ ಬಿಟ್ಟುಬಿಟ್ಟರೆ ಎಂಬ ಭಯ ಬೇರೆ. ದಿನವೂ ಸುಮ್ಮನೆ ನೀರು ಹುಯ್ದು ಅಳೆದರು. ಅಳತೆ ಕಣ್ಣಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಬಾಲಕ್ಕೆ ಇಳಿಯಿತು. ಈಗ ಒಂಬತ್ತು ದಿನದಿಂದ ಸುದ್ದಿಯೇ ಇಲ್ಲ. ಖುಷಿಪಡಬೇಕೋ ಅಳಬೇಕೋ ತಿಳಿಯದೆ ಒದ್ದಾಡಿದ್ದಾರೆ.

ನಾನು ಕೂತಿರುವಾಗಲೇ ಆ ಮನುಷ್ಯನ ಸಂದೇಶ ಬರುತ್ತದೆ: 'ಮೀನಿನ ಲೋಟ ಒಡೆದುಹೋಯ್ತು. ಇನ್ನು ಹೇಗೆ ಅಳೀಲಿ?'

ಸಿಟ್ಟಿಗೆ ಎಸೆದನೋ, ಕೈ ನಡುಗಿತೋ? ನಾವಿಬ್ಬರೂ ಮುಖ ಮುಖ ನೋಡಿಕೊಳ್ಳುತ್ತೇವೆ. ಬೇರೆ ಯಾವ ಲೋಟವಾದರೂ ಆದೀತು ಎಂದು ಬರೆದು, ನಿಯಮ ಮೀರದ ಒಂದು ಪ್ರಶ್ನೆಯನ್ನು ಅಕ್ಕ ಸೇರಿಸುತ್ತಾರೆ: ಹೇಗೆ ಒಡೆಯಿತು?

ಎರಡು ನಿಮಿಷದ ಮೇಲೆ ಉತ್ತರ ಬರುತ್ತದೆ: 'ತೊಳೆಯುವಾಗ.'

ಅಕ್ಕ ನಗುತ್ತಾರೆ. ಕಣ್ಣು ಒರೆಸಿಕೊಂಡು ಮತ್ತೆ ಗೊಂದಲಕ್ಕೆ ಬೀಳುತ್ತಾರೆ. "ನನ್ನ ತಮ್ಮ ಹುಟ್ಟಿದಾಗಿಂದ ಒಂದು ಲೋಟ ತೊಳೆದೋನಲ್ಲ. ಹಾಗಾದ್ರೆ ಇದು ಅವನಲ್ವಾ?"

ಅವರು ತಮ್ಮಲ್ಲಿ ಉಳಿದ ಮೀನಿನ ಲೋಟದ ನೀರು ಚೆಲ್ಲಿ, ಅದನ್ನು ಕಟ್ಟೆಯ ಮೇಲೆ ಬೋರಲು ಹಾಕುತ್ತಾರೆ.

"ಯಾರಾದ್ರೂ ಆಗ್ಲಿ, ತೊಳೀತಿದ್ದಾರಲ್ಲ," ಎನ್ನುತ್ತಾರೆ. "ಅವನೇ ಆಗಿದ್ರೆ, ಒಂದಿನ ಬಂದು ಇದನ್ನೂ ತೊಳೀಲಿ."