ಕಾರಿನಲ್ಲಿ ಕೂರದ ಆರ್ಡಿಸ್

ನಮ್ಮೂರಿನಲ್ಲಿ ಎಪ್ಪತ್ತು ದಾಟಿದ ಹೆಂಗಸಿಗೆ ಚಳಿಗಾಲದಲ್ಲಿ ಎರಡೇ ಕೆಲಸ. ಒಂದು, ಜಾರಿ ಬಿದ್ದು ಸೊಂಟ ಮುರಿದುಕೊಳ್ಳದೆ ಇರುವುದು. ಇನ್ನೊಂದು, ನಾಲ್ಕು ಜನರ ಕಣ್ಣಿಗೆ ಲಕ್ಷಣವಾಗಿ ಕಾಣುವುದು. ಎರಡೂ ಒಟ್ಟಿಗೆ ಆಗುವುದಿಲ್ಲ ಎಂದು ಉತ್ತರ ಡಕೋಟದಲ್ಲಿ ಒಂದೇ ಒಂದು ಜನವರಿ ಕಳೆದವರಿಗೂ ಗೊತ್ತು. ಆದರೂ ನಾವೆಲ್ಲ ಎರಡನ್ನೂ ಮಾಡಲು ಹೋಗಿ ಚಳಿಯಲ್ಲಿ ನಡುಗುತ್ತೇವೆ. ನನ್ನ ಪಕ್ಕದ ಮನೆಯ ಆರ್ಡಿಸ್ ಲೊಕ್ಕನ್ ಮಾತ್ರ ಲಕ್ಷಣದ ಗೊಡವೆಯನ್ನು ಎಂಟು ವರ್ಷದ ಹಿಂದೆಯೇ ಬಿಟ್ಟಳು.

ಅವಳಿಗೀಗ ಎಂಬತ್ತು. ನವೆಂಬರ್ ಬಂತೆಂದರೆ ತೀರಿಹೋದ ಗಂಡ ನಾರ್ಮನ್‌ನ ಬಿಬ್ ಪ್ಯಾಂಟಿನೊಳಗೆ ಹೊಕ್ಕುಬಿಡುತ್ತಾಳೆ. ಎದೆಯವರೆಗೆ ಬರುವ, ಹೆಗಲಿಗೆ ಪಟ್ಟಿ ಇರುವ, ಒಳಗೆ ದಪ್ಪ ಅಸ್ತರು ಕೊಟ್ಟ ಕಂದು ಬಣ್ಣದ ಪ್ಯಾಂಟು ಅದು. ರೈತರು ಕೊಟ್ಟಿಗೆ ಕೆಲಸಕ್ಕೆ ಹಾಕಿಕೊಳ್ಳುವಂಥದ್ದು. ಕಾಲಿನ ಪಕ್ಕಕ್ಕೆ ಹಿಮ್ಮಡಿಯಿಂದ ತೊಡೆಯವರೆಗೆ ಜಿಪ್ಪು ಇರುವುದರಿಂದ ಬೂಟು ಬಿಚ್ಚದೆಯೇ ಹಾಕಬಹುದು, ತೆಗೆಯಬಹುದು. ಹಿಂಭಾಗವನ್ನು ಕತ್ತರಿಸಿ ಒತ್ತುಗುಂಡಿ ಇಟ್ಟು ಒಂದು ಬಾಗಿಲು ಹೊಲಿದುಕೊಂಡಿದ್ದಾಳೆ. ಯಾಕೆ ಎಂದು ನಾನು ಕೇಳಿದಾಗ, "ನಿಂಗೂ ವಯಸ್ಸಾಗುತ್ತಲ್ಲ, ಆಗ ಗೊತ್ತಾಗುತ್ತೆ. ಪಟ್ಟಿ ಬಿಚ್ಚೋವರೆಗೂ ಅದು ಕಾಯಲ್ಲ" ಎಂದಳು. ನನಗೂ ಎಪ್ಪತ್ತಾಯಿತು. ಕಾಯುವುದಿಲ್ಲ, ನಿಜ.

ಬೆರಳಿನ ಗಿಣ್ಣುಗಳೆಲ್ಲ ಊದಿಕೊಂಡಿರುವುದರಿಂದ ಎಲ್ಲ ಜಿಪ್ಪಿನ ತುದಿಗೂ ಕೆಂಪು ಉಣ್ಣೆಯ ಕುಣಿಕೆ ಕಟ್ಟಿದ್ದಾಳೆ. ಮೈಗೆ ತಾಗುವಂತೆ ತೆಳು ಉಣ್ಣೆ, ಅದರ ಮೇಲೆ ದಪ್ಪ ಉಣ್ಣೆ. ಹತ್ತಿ ಬಟ್ಟೆಯನ್ನು ಹತ್ತಿರಕ್ಕೂ ಸೇರಿಸುವುದಿಲ್ಲ. ಬೆವರು ಹೀರಿ ಒದ್ದೆಯಾಗಿ ಮೈಗಂಟಿದರೆ ಕಥೆ ಮುಗಿಯಿತು ಎನ್ನುತ್ತಾಳೆ. ಎರಡು ಜೊತೆ ಕಾಲುಚೀಲ ಹಿಡಿಸಲೆಂದು ಒಂದು ಅಳತೆ ದೊಡ್ಡ ಬೂಟು. ಬೆರಳುಗಳೆಲ್ಲ ಒಂದೇ ಗೂಡಿನಲ್ಲಿರುವ ಕೈಗವಸು, ಕಳೆದುಹೋಗದಂತೆ ಮಕ್ಕಳಿಗೆ ಕಟ್ಟಿದ ಹಾಗೆ ದಾರ ಹಾಕಿ ಕೋಟಿನ ತೋಳಿನೊಳಗಿಂದ ಎಳೆದಿರುವುದು. ತಲೆಗೆ ಬೀಜದ ಅಂಗಡಿಯವರು ಪುಕ್ಕಟೆ ಕೊಟ್ಟ, ಕಿವಿ ಮುಚ್ಚುವ ಟೋಪಿ. ಈ ಅವತಾರದಲ್ಲೇ ಅಂಚೆ ಕಚೇರಿಗೆ, ದಿನಸಿ ಅಂಗಡಿಗೆ, ಭಾನುವಾರ ಚರ್ಚಿಗೆ.

ಇದರಿಂದ ಪ್ರಾಣಕ್ಕೆ ಬಂದದ್ದು ಸೊಸೆ ಪ್ಯಾಮ್‌ಗೆ. ಕೆಟ್ಟವಳಲ್ಲ, ಅತ್ತೆಯೆಂದರೆ ಜೀವ. ಪ್ರತಿ ಕ್ರಿಸ್‌ಮಸ್‌ಗೂ ಒಂದೊಂದು ಕೋಟು ತರುತ್ತಾಳೆ. ಎಲ್ಲವೂ ಓಟ್ಸ್ ಗಂಜಿಯ ಬಣ್ಣ, ಎಲ್ಲವೂ ತೆಳ್ಳಗೆ. ವಯಸ್ಸಾದ ಹೆಂಗಸರ ಬಟ್ಟೆಗೆ ಗಂಜಿಯ ಬಣ್ಣವೇ ಇರಬೇಕೆಂದು ಯಾವ ಪುಣ್ಯಾತ್ಮ ತೀರ್ಮಾನಿಸಿದನೋ, ಅವನು ಒಮ್ಮೆ ನನ್ನ ಕೈಗೆ ಸಿಗಬೇಕು.

"ಅತ್ತೆ, ಹೋದ ವರ್ಷದ ಕೋಟು ಎಲ್ಲಿ?"

"ಪೆಟ್ಟಿಗೇಲಿದೆ ಕಣಮ್ಮ. ಅದಾದ್ರೂ ಬೆಚ್ಚಗಿರಲಿ."

"ನೋಡಿದೋರು ಏನಂದ್ಕೋತಾರೆ? ಮಗ ಸೊಸೆ ಒಂದು ಬಟ್ಟೆ ತಂದ್ಕೊಡಲ್ಲ ಅಂತಾರೆ."

"ಮುದುಕಿ ಹೇಳಿದ ಮಾತು ಕೇಳಲ್ಲ ಅನ್ನು. ಸುಳ್ಳೇನಲ್ಲವಲ್ಲ."

ಈ ಹಟ ಎಲ್ಲಿಂದ ಹುಟ್ಟಿತು ಎಂದು ನನಗೆ ಗೊತ್ತು, ಪ್ಯಾಮ್‌ಗೆ ಗೊತ್ತಿರಲಿಲ್ಲ. ಅದು ಹುಟ್ಟಿದ್ದು ನಾರ್ಮನ್‌ನನ್ನು ಮಣ್ಣು ಮಾಡಿದ ದಿನ.

ಕೆಲವು ಊರುಗಳಲ್ಲಿ ಚಳಿಗಾಲದಲ್ಲಿ ಸತ್ತವರನ್ನು ನೆಲ ಕರಗುವವರೆಗೆ ಇಟ್ಟುಕೊಂಡಿರುತ್ತಾರೆ. ನಮ್ಮ ಚರ್ಚಿನಲ್ಲಿ ಹಾಗಿಲ್ಲ. ಗುಂಡಿ ತೋಡುವ ವೆಂಡೆಲ್ ಹಿಂದಿನ ದಿನವೇ ನೆಲದ ಮೇಲೆ ಗ್ಯಾಸಿನ ಹೀಟರು ಕವುಚಿಟ್ಟು, ಹೆಪ್ಪುಗಟ್ಟಿದ ಮಣ್ಣನ್ನು ಮೆತ್ತಗೆ ಮಾಡಿ, ಯಂತ್ರದಿಂದ ಅಗೆಯುತ್ತಾನೆ. ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಗಂಡಸರು ಸ್ಮಶಾನಕ್ಕೆ ಹೋಗುತ್ತಾರೆ. ವಯಸ್ಸಾದ ಹೆಂಗಸರು ಚರ್ಚಿನ ನೆಲಮಾಳಿಗೆಗೆ ಇಳಿದು ಹಂದಿಮಾಂಸದ ಹ್ಯಾಮ್ ಬನ್ನು ಜೋಡಿಸಿ, ಕಾಫಿ ಕಾಯಿಸಿ ಕಾಯುತ್ತಾರೆ. ಹೀಗೇ ಆಗಬೇಕು ಎಂದು ಯಾರೂ ಎಲ್ಲೂ ಹೇಳಿಲ್ಲ. ನಮ್ಮ ಕಾಲಿನಲ್ಲಿ ಚಳಿ ತಡೆಯದ, ತೆಳುವಾದ ಉದ್ದ ಕಾಲುಚೀಲ, ಸ್ಟಾಕಿಂಗ್ಸ್, ಇರುತ್ತಿದ್ದವು, ಅದೇ ಕಟ್ಟಳೆ.

ಆರ್ಡಿಸ್ ಹೆಂಡತಿಯಾದ್ದರಿಂದ ಅವತ್ತು ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೋದರು. ಕಪ್ಪು ಉಡುಪು, ಸ್ಟಾಕಿಂಗ್ಸ್, ಹಿಮ್ಮಡಿ ಎತ್ತರದ ಬೂಟು. ಮಗ ಕರ್ಟಿಸ್ ಬಾಗಿಲು ತೆರೆಯಲು ಬಿಡಲಿಲ್ಲ. "ಅಮ್ಮ, ನೀನು ಕಾರಲ್ಲೇ ಕೂತ್ಕೋ. ಹೀಟರ್ ಹಾಕಿದೀನಿ. ನಾವು ನೋಡ್ಕೋತೀವಿ" ಎಂದ. ಅವಳು ಕೂತಳು. ಗಾಜಿಗೆ ಮಂಜು ಹಿಡಿಯಿತು. ಒರೆಸಿ ಒರೆಸಿ ನೋಡಿದಳು. ಕಂಡದ್ದು ಗಂಡಸರ ಬೆನ್ನು. ಸ್ವಲ್ಪ ಹೊತ್ತಿನಲ್ಲೇ ಎಲ್ಲರೂ ಕೈ ಉಜ್ಜಿಕೊಳ್ಳುತ್ತಾ ಬಂದರು, ಆಯಿತು ಎಂದರು.

ಆ ಸಂಜೆ ನನ್ನ ಅಡುಗೆಮನೆಯಲ್ಲಿ ಕೂತು ಅವಳು ಅಳಲಿಲ್ಲ. ಕೋಪದಿಂದ ಕುದಿಯುತ್ತಿದ್ದಳು. "ಜೀವಮಾನ ಎಲ್ಲ ಜೊತೆಗೆ ಬಾಳಿದೋನು ಕೆಳಗೆ ಹೋಗೋದನ್ನ ಊರ ಗಂಡಸರೆಲ್ಲ ನೋಡಿದ್ರು, ಲವಾನ್. ನಾನು ನೋಡ್ಲಿಲ್ಲ. ಯಾಕೆ ಹೇಳು? ನಾನು ಸ್ಟಾಕಿಂಗ್ಸ್ ಹಾಕ್ಕೊಂಡಿದ್ದೆ." ಮಾರನೆಯ ಬೆಳಿಗ್ಗೆ ಗ್ಯಾರೇಜಿನ ಮೊಳೆಯಿಂದ ನಾರ್ಮನ್‌ನ ಬಿಬ್ ಕೆಳಗಿಳಿಯಿತು.

ಹೋದ ಫೆಬ್ರವರಿಯಲ್ಲಿ ಅವಳ ತಂಗಿ ಮೇವಿಸ್ ತೀರಿಕೊಂಡಳು. ಮದುವೆಯಾಗದೆ ಊರಿನ ಲೈಬ್ರರಿ ನೋಡಿಕೊಂಡಿದ್ದವಳು. ಹುಡುಗಿಯರಾಗಿದ್ದಾಗ ಅಕ್ಕತಂಗಿ ಇಬ್ಬರೂ ಒಲೆಯ ಬಿಸಿ ಹತ್ತದ ಮಾಳಿಗೆಯ ಕೋಣೆಯಲ್ಲಿ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದರಂತೆ. ಮೇವಿಸಳ ಪಾದ ಸದಾ ಹಿಮದ ಹಾಗೆ. ಅದನ್ನು ತಂದು ಅಕ್ಕನ ಮೀನಖಂಡಕ್ಕೆ ಒತ್ತುತ್ತಿದ್ದಳಂತೆ. "ದಿನಾ ಬೈತಿದ್ದೆ. ಒಂದು ದಿನವೂ ನನ್ನ ಕಾಲು ಎಳಕೊಳ್ಳಲಿಲ್ಲ ಕಣೇ" ಎಂದು ಆರ್ಡಿಸ್ ನನಗೆ ಹೇಳಿದ್ದಳು.

ಮಣ್ಣು ಮಾಡುವ ಮೊದಲು ತಂಗಿಯ ದೇಹವನ್ನು ತೊಳೆದು ಸಿಂಗರಿಸುವ ಜಾಗಕ್ಕೆ ಅವಳು ಒಂದು ಜೊತೆ ಉದ್ದದ ಉಣ್ಣೆ ಕಾಲುಚೀಲ ತೆಗೆದುಕೊಂಡು ಹೋದಳು. ಪ್ಯಾಮ್ ಮತ್ತು ನಾನು ಜೊತೆಗಿದ್ದೆವು. ಅಲ್ಲಿದ್ದವನು ಮರ್ಯಾದಸ್ಥ. ಕಾಲುಚೀಲ ನೋಡಿ ಪ್ಯಾಮ್ ಕಡೆ ತಿರುಗಿದ.

"ಅತ್ತೆ," ಪ್ಯಾಮ್ ಪಿಸುಗುಟ್ಟಿದಳು, "ಸತ್ತೋರಿಗೆ ಚಳಿಯಾಗುತ್ತಾ?"

"ಸತ್ತೋರಿಗೆ ಲಿಪ್‌ಸ್ಟಿಕ್ ಬೇಕಾಗುತ್ತಾ? ಅದನ್ನ ಹಚ್ಚಿದೀರಲ್ಲ."

ಅವನು ಕಾಲುಚೀಲ ತೆಗೆದುಕೊಂಡು ಒಳಗೆ ಹೋದ.

ಅಲ್ಲಿಂದ ಸೀದಾ ಪಾದ್ರಿಯ ಹತ್ತಿರ. ಪಾದ್ರಿ ಗ್ರೆಗ್‌ಗೆ ಅವಳ ಮೊಮ್ಮಗನ ವಯಸ್ಸು. ದಕ್ಷಿಣದ ಕಡೆಯವರು, ನಮ್ಮಲ್ಲಿಗೆ ಬಂದು ಅದು ಎರಡನೆಯ ಚಳಿಗಾಲ.

"ನಾಳೆ ನಾನು ಸ್ಮಶಾನಕ್ಕೆ ಬರ್ತೀನಿ. ಕಾರಲ್ಲಿ ಕೂರಲ್ಲ. ಮೇವಿಸ್ ಪೂರ್ತಿ ಕೆಳಗೆ ಹೋಗೋವರೆಗೂ ನಿಲ್ತೀನಿ."

"ಆರ್ಡಿಸ್, ನಾಳೆ ಸೊನ್ನೆಗಿಂತ ಇಪ್ಪತ್ತು ಕೆಳಗಂತೆ. ಗಾಳಿ ಬೇರೆ."

"ಈ ಗಾಳಿ ನಿಮಗೆ ಹೊಸದು, ಪಾದ್ರಿಗಳೇ. ನಂಗೂ ಅದಕ್ಕೂ ಹಳೇ ಪರಿಚಯ."

"ಅದಲ್ಲ, ಚಳಿಗಾಲದಲ್ಲಿ ನಾವು..." ಎಂದವರು ಏನೋ ನೆನೆದು ತುಟಿ ಕಚ್ಚಿಕೊಂಡರು. "ಆಗಲಿ, ಬನ್ನಿ."

ಮಾರನೆಯ ಬೆಳಿಗ್ಗೆ ನಾನು ಸ್ಟಾಕಿಂಗ್ಸ್ ಏರಿಸುತ್ತಿದ್ದಾಗ ಆರ್ಡಿಸ್ ಬಾಗಿಲು ತಟ್ಟದೆಯೇ ಒಳಗೆ ಬಂದಳು. ಕಂಕುಳಲ್ಲಿ ಇನ್ನೊಂದು ಬಿಬ್.

"ತೆಗಿ ಅದನ್ನ," ಎಂದಳು ನನ್ನ ಕಾಲು ತೋರಿಸಿ.

"ನಾನು ಬನ್ನು ಜೋಡಿಸಬೇಕು ಆರ್ಡಿಸ್. ಇವತ್ತು ನನ್ನ ಸರದಿ."

"ಬನ್ನಿಗೆ ಕಾಲಿಲ್ಲ, ಎಲ್ಲೂ ಓಡಿಹೋಗಲ್ಲ. ಕೂತ್ಕೋ. ನಿಂತ್ಕೊಂಡು ಪ್ಯಾಂಟು ಹಾಕೋ ವಯಸ್ಸು ನಂದೂ ಅಲ್ಲ, ನಿಂದೂ ಅಲ್ಲ."

ಕುರ್ಚಿಯಲ್ಲಿ ಕೂರಿಸಿ, ಮೊದಲು ಉಣ್ಣೆ, ಆಮೇಲೆ ಬಿಬ್, ಆಮೇಲೆ ಬೂಟು, ಹಿಮದಲ್ಲಿ ಜಾರದಂತೆ ಬೂಟಿನಡಿಗೆ ಮುಳ್ಳಿನ ಪಟ್ಟಿ ಎಂದು ನನ್ನನ್ನು ಶಾಲೆಗೆ ಕಳಿಸುವವಳಂತೆ ಸಜ್ಜು ಮಾಡಿದಳು. ಕನ್ನಡಿಯಲ್ಲಿ ನೋಡಿಕೊಂಡೆ. ಹುಲ್ಲಿನ ಪೆಂಡಿಗೆ ತಲೆ ಇಟ್ಟ ಹಾಗಿದ್ದೆ. ಆದರೆ ಹೊರಗೆ ಕಾಲಿಟ್ಟಾಗ ಗಾಳಿ ಬಂದು ಬಡಿಯಿತು, ಒಳಗೆ ನುಸುಳಲು ಅದಕ್ಕೆ ದಾರಿ ಸಿಗಲಿಲ್ಲ. ಅರವತ್ತು ಚಳಿಗಾಲ ಸುಮ್ಮನೆ ನಡುಗಿದೆನಲ್ಲ ಎಂದು ನನಗೆ ಸಿಟ್ಟೇ ಬಂತು.

ಆರ್ಡಿಸ್ ಬಿಬ್ಬಿನ ಎದೆಗೆ ತನ್ನ ಅಜ್ಜಿ ನಾರ್ವೆಯಿಂದ ತಂದ ಬೆಳ್ಳಿಯ ಬ್ರೋಚು ಚುಚ್ಚಿಕೊಂಡಿದ್ದಳು. ಚರ್ಚಿನ ಮುಂದಿನ ಸಾಲಿನಲ್ಲಿ ನಾವಿಬ್ಬರೂ ಸರಬರ ಸದ್ದು ಮಾಡುತ್ತಾ ಕೂತಾಗ ಕರ್ಟಿಸ್ ತಿರುಗಿ ನೋಡಿದ.

"ಅಮ್ಮಾ..."

"ಏನೋ?"

"ಏನಿಲ್ಲ."

ಪ್ಯಾಮ್‌ಳ ಕೆನ್ನೆ ಕೆಂಪಾಗಿತ್ತು. ಪ್ರಾರ್ಥನೆ ಮುಗಿದು ಹೆಂಗಸರು ನೆಲಮಾಳಿಗೆಯ ಮೆಟ್ಟಿಲ ಕಡೆ ತಿರುಗಿದರೆ ನಾವಿಬ್ಬರು ಎದುರು ಬಾಗಿಲಿಗೆ ನಡೆದೆವು.

ಸ್ಮಶಾನ ಊರಾಚೆ, ಗಾಳಿಗೆ ಅಡ್ಡ ಒಂದು ಮರವಿಲ್ಲದ ಬಯಲಿನಲ್ಲಿದೆ. ಗುಂಡಿಯ ಮೇಲೆ ಚೌಕಟ್ಟು, ಅದಕ್ಕೆ ಬಿಗಿದ ಅಗಲದ ಪಟ್ಟಿಗಳ ಮೇಲೆ ಮೇವಿಸಳ ಪೆಟ್ಟಿಗೆ. ಗಂಡಸರು ಹತ್ತು ಹನ್ನೆರಡು ಮಂದಿ, ಎಲ್ಲರೂ ಹೊಳೆಯುವ ತೆಳು ಷೂ, ಇಸ್ತ್ರಿ ಮಾಡಿದ ಪ್ಯಾಂಟು, ಬರಿತಲೆ. ಅವರೂ ಅಷ್ಟೇ, ನಾಲ್ಕು ಜನರ ಕಣ್ಣಿಗೆ ಲಕ್ಷಣವಾಗಿ ಕಾಣಲು ಬಂದವರು. ನಿಂತಲ್ಲೇ ಕುಣಿಯುತ್ತಿದ್ದರು. ಪಾದ್ರಿ ಓದಿದ್ದನ್ನು ಗಾಳಿ ಅರ್ಧ ಹಾರಿಸಿಕೊಂಡು ಹೋಯಿತು. ಮಣ್ಣಿಗೆ ಮಣ್ಣು ಎಂದರು, ಆಮೆನ್ ಎಂದರು, ಅಷ್ಟೇ. ಆಮೆನ್ ಬಾಯಿಂದ ಪೂರ್ತಿ ಹೊರಬರುವ ಮೊದಲೇ ಗಂಡಸರೆಲ್ಲ ಕಾರುಗಳತ್ತ ಹೊರಟಿದ್ದರು.

ಪೆಟ್ಟಿಗೆ ಇನ್ನೂ ಪಟ್ಟಿಗಳ ಮೇಲೆಯೇ ಇತ್ತು.

"ಕರ್ಟಿಸ್," ಆರ್ಡಿಸ್ ಕರೆದಳು. "ಎಲ್ಲಿಗೋ ಹೊರಟ್ರಿ? ಅವಳಿನ್ನೂ ಮೇಲೇ ಇದಾಳೆ."

ಅವನು ನಿಂತ. ಕಿವಿ ಬಿಳಿಚಿಕೊಂಡಿತ್ತು. "ಆಮೇಲೆ ವೆಂಡೆಲ್ ಇಳಿಸ್ತಾನಮ್ಮ. ಚಳಿಗಾಲದಲ್ಲಿ ಹಾಗೇನೇ. ಯಾರಿಗೂ ನಿಲ್ಲೋಕಾಗಲ್ಲ."

ಆರ್ಡಿಸ್ ಅವನನ್ನೇ ನೋಡಿದಳು. ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಾಗಿ, ಕೇಳದಿರಲಿ ದೇವರೇ ಎಂದುಕೊಂಡೆ.

"ನಿಮ್ಮಪ್ಪನ್ನ?"

ಕರ್ಟಿಸ್ ತನ್ನ ಷೂ ನೋಡಿಕೊಂಡ. "ಅಪ್ಪನ್ನೂ ಹಾಗೇ, ಅಮ್ಮ."

ಎಂಟು ವರ್ಷ ಅವಳು ಆ ಬೆನ್ನುಗಳ ಮೇಲೆ ಹೊಟ್ಟೆ ಉರಿದುಕೊಂಡಿದ್ದಳು. ತನಗೆ ತಪ್ಪಿದ್ದು ಅವರಿಗಾದರೂ ಸಿಕ್ಕಿತು ಎಂದುಕೊಂಡಿದ್ದಳು. ಯಾರಿಗೂ ಸಿಕ್ಕಿರಲಿಲ್ಲ. ಅವಳು ದೂರದಲ್ಲಿ ಯಂತ್ರದ ಮರೆಗೆ ನಿಂತಿದ್ದ ವೆಂಡೆಲ್‌ನತ್ತ ತಿರುಗಿ ಗಾಳಿಗಿಂತ ಜೋರಾಗಿ ಕೇಳಿದಳು:

"ವೆಂಡೆಲ್! ನಾರ್ಮನ್‌ನ ಇಳಿಸಿದಾಗ ಯಾರಿದ್ರು?"

ವೆಂಡೆಲ್ ಹತ್ತಿರ ಬಂದ. ಮಾತು ಕಡಿಮೆಯ ಮನುಷ್ಯ. "ನಾನು," ಎಂದ. "ಟೋಪಿ ತೆಗೆದಿದ್ದೆ," ಎಂದೂ ಸೇರಿಸಿದ.

ಆರ್ಡಿಸ್ ತಲೆಯಾಡಿಸಿದಳು. ಅವಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳದಿದ್ದರೆ ಅಲ್ಲೇ ಹೆಪ್ಪುಗಟ್ಟುತ್ತಿತ್ತು, ಕೈಗವಸಿನ ಹಿಂಬದಿಯಿಂದ ಒರೆಸಿಕೊಂಡಳು. "ಈಗ ಇಳಿಸಪ್ಪ. ಟೋಪಿ ತೆಗೀಬೇಡ, ನಾವಿದೀವಿ."

"ನಾನೂ ನಿಲ್ತೀನಿ, ಅಮ್ಮ," ಎಂದ ಕರ್ಟಿಸ್. ಹಲ್ಲು ಕಟಕಟಗುಟ್ಟುತ್ತಿತ್ತು.

ಅವಳು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಆ ನೋಟದಲ್ಲಿ ಕೋಪವಿತ್ತು, ತಾಯಿಯ ಕರುಳೂ ಇತ್ತು. ಕೋಪವೇ ಒಂದು ಕೈ ಮೇಲೆ.

"ಈ ಷೂನಲ್ಲಾ? ಬೆರಳು ಉದುರಿಹೋಗುತ್ತೆ. ನೀನು ಕಾರಲ್ಲೇ ಕೂತ್ಕೋ, ಹೀಟರ್ ಹಾಕ್ಕೋ. ನಾವು ನೋಡ್ಕೋತೀವಿ."

ಅವನು ಹೋಗಿ ಕೂತ.

ವೆಂಡೆಲ್ ಚೌಕಟ್ಟಿನ ಹಿಡಿ ತಿರುಗಿಸಿದ. ಪಟ್ಟಿಗಳು ಕಿರುಗುಟ್ಟಿದವು, ಪೆಟ್ಟಿಗೆ ಮೆಲ್ಲಗೆ ಇಳಿಯಿತು. ಅದು ತಳ ಮುಟ್ಟುವವರೆಗೂ ಆರ್ಡಿಸ್ ಕಣ್ಣು ಕೀಳಲಿಲ್ಲ. "ಕಾಲು ಬೆಚ್ಚಗಿದೆ ಕಣೇ, ಹೋಗಿ ಬಾ," ಎಂದಳು. ಆಮೇಲೆ ಪಕ್ಕದ ಸಾಲಿನಲ್ಲಿದ್ದ ನಾರ್ಮನ್‌ನ ಕಲ್ಲಿನ ಹತ್ತಿರ ಹೋಗಿ, ಅದರ ಮೇಲಿನ ಹಿಮವನ್ನು ಕೈಯಿಂದ ಗುಡಿಸಿ, ಅಲ್ಲೂ ಅಷ್ಟೇ ಹೊತ್ತು ನಿಂತಳು. ನನಗೆ ಚಳಿಯಾಗಲಿಲ್ಲ. ಬೇಕಾಗಿದ್ದರೆ ಕತ್ತಲಾಗುವವರೆಗೂ ನಿಲ್ಲಬಹುದಿತ್ತು.

ವಾಪಸು ಬಂದಾಗ ಕಾರಿನ ಗಾಜಿಗೆಲ್ಲ ಮಂಜು ಹಿಡಿದಿತ್ತು. ನಮ್ಮ ಕಡೆಯ ಗಾಜಿನಲ್ಲಿ ಮಾತ್ರ ಅಂಗೈಯಿಂದ ಮತ್ತೆ ಮತ್ತೆ ಒರೆಸಿದ ಗುರುತಿತ್ತು. ಆರ್ಡಿಸ್ ಅದನ್ನು ನೋಡಿದಳು. ಬಾಗಿಲು ತೆರೆದು, ಬಿಬ್ಬನ್ನು ಸರಿಮಾಡಿಕೊಂಡು ಮಗನ ಪಕ್ಕ ಕೂತಳು.

"ಏನು ಕಾಣಿಸ್ತೋ?"

ಕರ್ಟಿಸ್ ಅಂಗೈಯ ತೇವವನ್ನು ಪ್ಯಾಂಟಿಗೆ ಒರೆಸಿಕೊಂಡ. "ನಿಮ್ಮ ಬೆನ್ನು," ಎಂದ.

"ಹ್ಞೂಂ," ಎಂದಳು ಆರ್ಡಿಸ್. "ನಡಿ, ಬನ್ನು ಖಾಲಿಯಾಗಿಬಿಡುತ್ತೆ."