ಗುರುವಾರದ ಕೊಳಲು

ಎಲ್ಲರೂ ಅವರನ್ನು ಕರೆಯುತ್ತಿದ್ದುದು ಕಾಜಾ ಮೇಷ್ಟ್ರು ಎಂದು. ಪಾಠ ಹೇಳಿದವರಲ್ಲ. ನಲವತ್ತೊಂದು ವರ್ಷ ಒಂದೇ ಟೈಲರ್ ಅಂಗಡಿಯ ಹಿಂಬದಿಯಲ್ಲಿ ಕೂತು ಅಂಗಿಗಳಿಗೆ ಕೈಯಲ್ಲೇ ಕಾಜಾ ಹೊಲಿದವರು. ಗುಂಡಿ ತೂರುವ ಆ ಸೀಳಿನ ಸುತ್ತ ನೂಲು ಒತ್ತೊತ್ತಾಗಿ ಕೂರಬೇಕು. ಮಾತಾಡುತ್ತಾ ಹೊಲಿದರೆ ಒಂದು ಎಳೆ ತಪ್ಪಿಹೋಗುತ್ತದೆ. ಹಾಗಾಗಿ ಮಾತನ್ನೆಲ್ಲ ಹೆಂಡತಿಯ ಪಾಲಿಗೆ ಬಿಟ್ಟಿದ್ದರು. ಆಕೆ ಹೋದ ಮೇಲೆ ಮೂರನೇ ಮಹಡಿಯ ಆ ಒಂದು ಕೋಣೆಯಲ್ಲಿ ಮಾತೇ ಉಳಿಯಲಿಲ್ಲ.

ಮಗ ಒಳ್ಳೆಯವನು. ಬಸ್ ಓಡಿಸುತ್ತಾನೆ. ಪ್ರತಿ ಭಾನುವಾರ ದಿನಸಿ ತಂದಿಟ್ಟು, "ಹುಷಾರಾಗಿದ್ದೀಯಾ ಅಪ್ಪಾ?" ಎಂದು ಕೇಳುತ್ತಾನೆ. ಉತ್ತರ ಬರುವಷ್ಟರಲ್ಲಿ ಚಪ್ಪಲಿ ಮೆಟ್ಟಿರುತ್ತಾನೆ.

ಒಮ್ಮೆ ಮಾತ್ರೆಗೆಂದು ಚಿಕಿತ್ಸಾಲಯಕ್ಕೆ ಹೋದಾಗ ನರ್ಸ್ ಏನೋ ಕೇಳಿದಳು. ಮೇಷ್ಟ್ರ ಗಂಟಲಿನಿಂದ ದನಿ ಹೊರಡಲಿಲ್ಲ. ಹನ್ನೊಂದು ದಿನ ಅದನ್ನು ಬಳಸಿಯೇ ಇರಲಿಲ್ಲ. ಒಂಟಿ ಮುದುಕರ ಮನೆಗೆ ಸಂಗೀತದವರನ್ನು ಕಳಿಸುವ ಪಟ್ಟಿಯೊಂದು ಅಲ್ಲಿತ್ತು. ಅದರಲ್ಲಿ ಆಕೆ ಅವರ ಹೆಸರು ಸೇರಿಸಿದಳು.

ಮುಂದಿನ ಗುರುವಾರ ಕೊಳಲಿನಾಕೆ ಬಂದಳು. ಇದ್ದ ಒಂದೇ ಕುರ್ಚಿ ಅವಳಿಗೆ, ಮಂಚದ ಅಂಚು ಇವರಿಗೆ. ನಡುವೆ ಒಂದು ಮೊಳ ಜಾಗ.

"ಏನು ನುಡಿಸಲಿ ಮೇಷ್ಟ್ರೇ?"

"ನನಗೆ ಸಂಗೀತ ಗೊತ್ತಿಲ್ಲ ಕಣಮ್ಮಾ."

"ನನಗೆ ಕಾಜಾ ಗೊತ್ತಿಲ್ಲ. ಸರಿಹೋಯ್ತಲ್ಲ!"

ಸ್ವರಕ್ಕೂ ಮೊದಲು ಉಸಿರು ಕೇಳಿಸಿತು. ಅವಳು ಎದೆತುಂಬ ಎಳೆದುಕೊಳ್ಳುವುದು, ಕೊಳಲಿನ ಅಂಚಿನಲ್ಲಿ ಅದು ಒಂದಿಷ್ಟು ಸೋರುವುದು, ಆಮೇಲೆ ಸ್ವರ. ಆ ಕೋಣೆಯಲ್ಲಿ ಇನ್ನೊಬ್ಬರು ಕೂತು ಉಸಿರಾಡಿ ನಾಲ್ಕು ವರ್ಷವಾಗಿತ್ತು.

ವಾರಕ್ಕೊಮ್ಮೆ, ಕಾಲು ಗಂಟೆ, ಅಷ್ಟೇ. ತಿಂಗಳು ಕಳೆಯುವುದರೊಳಗೆ ಮೇಷ್ಟ್ರು ಬೆಳಿಗ್ಗೆ ಹಾಸಿಗೆ ಮಡಚತೊಡಗಿದರು. ಎರಡು ಹೊತ್ತು ಉಣ್ಣತೊಡಗಿದರು. ಮೆಟ್ಟಿಲಲ್ಲಿ ಸಿಕ್ಕ ಪಕ್ಕದ ಮನೆಯವರಿಗೆ "ಬಿಸಿಲು ಜೋರಲ್ವಾ?" ಎಂದು ತಾವಾಗಿಯೇ ಹೇಳಿ, ಹೇಳಿದ್ದಕ್ಕೆ ತಾವೇ ಬೆಚ್ಚಿದರು.

"ಹಾಡು ಬೇಕಿದ್ರೆ ರೇಡಿಯೋ ಇದೆಯಲ್ಲಪ್ಪಾ," ಎಂದ ಮಗ.

"ಅದು ಉಸಿರಾಡಲ್ಲ ಕಣೋ," ಎನ್ನುವಷ್ಟರಲ್ಲಿ ಅವನು ಮೆಟ್ಟಿಲಿಳಿದಿದ್ದ.

ಮೂರನೇ ತಿಂಗಳು ಚಿಕಿತ್ಸಾಲಯದಿಂದ ಫೋನ್ ಬಂತು. "ತಾತಾ, ಕೊಳಲಿನವರು ಬರ್ತಿದ್ದಾರಲ್ಲ, ಇನ್ನೂ ಬೇಕಾ?"

ಬರುವುದಕ್ಕಿಂತ ಹೆಚ್ಚು ಬೇಕೇ ಎಂದು ಕೇಳುತ್ತಿದ್ದಾರೆ ಅಂದುಕೊಂಡರು ಮೇಷ್ಟ್ರು. ಕೊಟ್ಟವರ ಮುಂದೆ ಮತ್ತೆ ಕೈಯೊಡ್ಡುವುದೇ? "ಅಯ್ಯೋ, ಸಾಕು ತಾಯಿ. ನನಗೆ ಇಷ್ಟೇ ಸಾಕು," ಎಂದರು, ತುಂಬಿದ ಮನಸ್ಸಿನಿಂದ. ಮುಂದುವರಿಸಬೇಕೇ ಎಂದು ಕೇಳಿದ್ದ ಆ ಕಡೆಯವರು ಸಾಕು ಎಂದೇ ಬರೆದುಕೊಂಡರು.

ಆ ಗುರುವಾರ ಬಾಗಿಲು ತೆರೆದಿಟ್ಟುಕೊಂಡು ಸಂಜೆಯವರೆಗೆ ಕೂತರು. ಮುಂದಿನ ಗುರುವಾರವೂ ಕೂತರು. ಮೂರನೆಯದಕ್ಕೆ ಮಗನನ್ನು ಕಾಡಿಬೇಡಿ ಚಿಕಿತ್ಸಾಲಯಕ್ಕೆ ಹೊರಟರು.

"ನೀವೇ ಸಾಕು ಅಂದ್ರಲ್ಲ ತಾತಾ? ಆ ಜಾಗ ಬೇರೆಯವರಿಗೆ ಹೋಯ್ತು," ಎಂದಳು ಕಿಟಕಿಯ ಹಿಂದಿನಾಕೆ. ಆಮೇಲೆ ಮುಖ ನೋಡಿ ಕರಗಿದಳೇನೋ, ಒಂದು ಕಾಗದ ತಳ್ಳಿದಳು. "ಇನ್ನೊಂದು ಜಾಗ ಇದೆ, ಇವತ್ತೇ ಕೊನೆ. ನಿಮಗೆ ಏನು ತೊಂದರೆ ಅಂತ ಇಲ್ಲಿ ಬರೀರಿ. ಅದನ್ನ ಓದಿಯೇ ಕೊಡೋದು."

ಮೇಷ್ಟ್ರು ಪೆನ್ನು ಹಿಡಿದರು. ಬರೆಯಬೇಕಾದದ್ದು ಎರಡೇ ಪದ: ಯಾರೂ ಇಲ್ಲ. ಹೆಗಲ ಮೇಲಿಂದ ಮಗ ಬಗ್ಗಿ ನೋಡುತ್ತಿದ್ದ. ಅರ್ಧ ದಿನದ ಡ್ಯೂಟಿ ಬಿಟ್ಟು ಬಂದಿದ್ದ. ಸಮವಸ್ತ್ರದ ಬೆನ್ನು ಬೆವರಿನಲ್ಲಿ ಒದ್ದೆಯಾಗಿತ್ತು.

"ಬರಿಯಪ್ಪಾ, ಅದೇನು ಯೋಚನೆ? ಏನು ಕಷ್ಟ ಇದೆಯೋ ಅದನ್ನ ಬರಿ. ನಾನಿದ್ದೀನಲ್ಲ."

ಪೆನ್ನಿನ ಮೊನೆ ನಿಂತಲ್ಲೇ ಶಾಯಿ ಒಂದು ಚುಕ್ಕೆಯಾಗಿ ಹರಡಿತು. ಕೊನೆಗೆ ಮೇಷ್ಟ್ರು ಬರೆದರು: ಮಂಡಿ ನೋವು.

ಆಕೆ ಓದಿ ನಕ್ಕಳು. "ಮಂಡಿಗೆ ಕೊಳಲು ಊದಿದ್ರೆ ಏನಾಗುತ್ತೆ ತಾತಾ? ಎರಡನೇ ಕೋಣೆಗೆ ಹೋಗಿ, ಮುಲಾಮು ಕೊಡ್ತಾರೆ."

"ಮಂಡಿ ನೋವು ಅಂತ ಮೊದಲೇ ಹೇಳಬಾರದಿತ್ತಾ ಅಪ್ಪಾ?" ಎನ್ನುತ್ತಾ ಮಗ ತೋಳು ಹಿಡಿದುಕೊಂಡ.

ನೋಯದ ಕಾಲನ್ನು ಕುಂಟಿಸುತ್ತಾ ಮೇಷ್ಟ್ರು ಅವನ ಜೊತೆ ಎರಡನೇ ಕೋಣೆಯ ಸಾಲಿಗೆ ನಡೆದರು.