ಅಣ್ಣನ ಗರಗಸ, ಜಪಾನಿನ ಖಳನಾಯಕ

ಶನಿವಾರ ಬೆಳಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷ. ಇಷ್ಟು ಕರಾರುವಾಕ್ಕಾಗಿ ಹೇಳಬಲ್ಲೆ, ಏಕೆಂದರೆ ಅಣ್ಣನ ಮರಗೆಲಸದ ಶೆಡ್ಡಿನ ಗಡಿಯಾರ ನೋಡಿಕೊಂಡೇ ನಾನು ಭಾಷಣ ಶುರುಮಾಡಿದ್ದೆ. ಊಟಕ್ಕೆ ಕರೆ ಬರುವಷ್ಟರಲ್ಲಿ ಒಬ್ಬ ಖಳನಾಯಕನ ಮನಸ್ಸನ್ನು ಪೂರ್ತಿ ಬಿಡಿಸಿ ತೋರಿಸುವುದು ನನ್ನ ಉದ್ದೇಶ.

ಖಳನಾಯಕ ನಮ್ಮ ಕಡೆಯವನಲ್ಲ, ಜಪಾನಿನವನು. ಅಣ್ಣನ ಮಗಳು ಸಿಂಚನಾ ಮೊಬೈಲಿನಲ್ಲಿ ನೋಡುವ ಅನಿಮೆ ಕಾರ್ಟೂನೊಂದರಲ್ಲಿ ಹಸಿರು ಶಾಲು ಹೊದ್ದ ಸೇನಾಪತಿಯೊಬ್ಬನಿದ್ದಾನೆ. ಊರು ಉರಿಯುತ್ತಿದ್ದರೂ ದನಿ ಏರಿಸುವುದಿಲ್ಲ. ಅವನ ಮಾತುಗಳನ್ನು ಅವಳು ಕನ್ನಡಕ್ಕೆ ಇಳಿಸಿ, ಕೆಮಿಸ್ಟ್ರಿ ನೋಟ್ಸಿನ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದಾಳೆ. ‘ನಿನ್ನ ಮೇಲೆ ನನಗೆ ಕೋಪವಿಲ್ಲ; ನನ್ನ ದಾರಿಯಲ್ಲಿ ನಿಂತಿದ್ದೀಯ, ಅಷ್ಟೆ’ ಎಂಬುದೊಂದು. ‘ಇಷ್ಟು ಯುದ್ಧ ಮಾಡಿದ್ದೇನೆ, ಒಂದು ಗೀರೂ ಬಿದ್ದಿಲ್ಲ. ಭಯ ಬೇರೆಯವರಿಗಿರಲಿ’ ಎಂಬುದು ಇನ್ನೊಂದು.

“ಚಿಕ್ಕಪ್ಪ, ಇವನ ತಲೇಲಿ ಏನೈತೆ ಹೇಳು” ಎಂದಳು.

ಬಿ.ಎ.ಯಲ್ಲಿ ಮೂರು ವರ್ಷ ಮನಶ್ಶಾಸ್ತ್ರ ಓದಿ, ಪಾಂಡವಪುರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವವನಿಗೆ ಇಂಥ ಪ್ರಶ್ನೆ ವರ್ಷಕ್ಕೊಂದೂ ಬರುವುದಿಲ್ಲ. ಬಂದಾಗ ಬಿಡುವುದುಂಟೇ? ಈ ಸೇನಾಪತಿ ಮಹಾಶಯನಿಗೆ ಅದೃಷ್ಟಕ್ಕೂ ಸಾಮರ್ಥ್ಯಕ್ಕೂ ವ್ಯತ್ಯಾಸ ಗೊತ್ತಿಲ್ಲ. ಇಲ್ಲಿಯವರೆಗೆ ಏನೂ ಆಗದ್ದನ್ನೇ ಮುಂದೆಯೂ ಆಗದೆಂಬ ಪ್ರಮಾಣಪತ್ರ ಮಾಡಿಕೊಂಡಿದ್ದಾನೆ ಎಂದೆ. ನಮ್ಮ ಬಾಬುರಾಯನಕೊಪ್ಪಲಿನ ಪೌರಾಣಿಕ ನಾಟಕಗಳಲ್ಲೂ ಖಳನ ಪಾತ್ರಕ್ಕೇ ಪೈಪೋಟಿ ಹೆಚ್ಚು. ಅಣ್ಣ ಒಮ್ಮೆ ರಾಕ್ಷಸರಾಜನಾಗಿ, ತಾನೇ ಕಡೆದ ಗದೆ ಹೊತ್ತು, ಸಾಯುವ ಮುಂಚೆ ಇಪ್ಪತ್ತು ನಿಮಿಷ ಮಾತಾಡಿದ್ದ. ಹೊಡೆಯುವ ಕೆಲಸ ಬಿಟ್ಟು ವಿವರಿಸುತ್ತ ನಿಲ್ಲುವುದೇ ಖಳರ ದೌರ್ಬಲ್ಯ, ಎಂದು ನಾನೂ ವಿವರಿಸುತ್ತ ನಿಂತಿದ್ದೆ.

ಇಲ್ಲಿ ಅಣ್ಣನ ಗರಗಸದ ಮಿಷನ್ನಿನ ಬಗ್ಗೆ ಒಂದು ಮಾತು. ಅದರ ಬ್ಲೇಡಿನ ಮೇಲೆ ಮುಚ್ಚಲು ಕಬ್ಬಿಣದ ಗಾರ್ಡೊಂದಿದೆ. ಹೋದ ಆಯುಧಪೂಜೆಯಲ್ಲಿ ಬ್ಲೇಡಿಗೆ ಕುಂಕುಮ ಹಚ್ಚಲು ಅಡ್ಡವಾಯಿತೆಂದು ಅಣ್ಣ ಅದನ್ನು ಬಿಚ್ಚಿದ. ಬಿಚ್ಚಿದ್ದಕ್ಕೂ ಒಂದು ಬೊಟ್ಟಿಟ್ಟು ಶೆಡ್ಡಿನ ದೇವರ ಗೂಡಿನಲ್ಲಿ ಫೋಟೋಗಳ ಪಕ್ಕ ಕೂರಿಸಿದ. ಹಬ್ಬ ಮುಗಿಯಿತು, ಗಾರ್ಡು ಕೆಳಗಿಳಿಯಲಿಲ್ಲ. ಅದಕ್ಕೆ ದಿನಾ ಊದಿನಕಡ್ಡಿ, ಬ್ಲೇಡಿಗೆ ಬಟಾಬಯಲು.

ಆ ಬೆಳಗ್ಗೆ ಅಣ್ಣ, ನಾಗಮಂಗಲದ ಹಳೇ ಮನೆಯೊಂದರಿಂದ ಬಂದ ಬಾಗಿಲುವಾಡವನ್ನು ಸೀಳುತ್ತಿದ್ದ. ಅದನ್ನು ಟೆಂಪೋದಲ್ಲಿ ತಂದ ರೆಹಮಾನ್ ಭಾಯಿ ಮೇನ್ ಸ್ವಿಚ್ಚಿನ ಪಕ್ಕ ಟೀ ಕುಡಿಯುತ್ತಿದ್ದ. ನನ್ನ ಭಾಷಣಕ್ಕೆ ಒಂದು ಉದಾಹರಣೆ ಬೇಕಾಯಿತು. “ಅಣ್ಣಾ, ಬ್ಲೇಡ್ ಮುಂದೆ ನಿಂತಾಗ ನಿಂಗೆ ಭಯ ಆಯ್ತದಾ?” ಎಂದು ಕೂಗಿದೆ.

ಅಣ್ಣ ಕತ್ತು ತಿರುಗಿಸಿದ. “ಭಯವಾ? ಇಪ್ಪತ್ತೆಂಟು ವರ್ಷದಿಂದ ಕುಯ್ತಾವ್ನಿ, ಒಂದು ಗೀರು ಬಿದ್ದಿಲ್ಲ. ಏನಾಯ್ತದೆ ಬುಡ್ಲಾ!”

ಮರದೊಳಗಿದ್ದ ಹಳೇ ಮೊಳೆಯೊಂದು ಬ್ಲೇಡಿಗೆ ಸಿಕ್ಕಿತು. ಹಲಗೆ ಎಗರಿತು. ಅಣ್ಣ ಮುಗ್ಗರಿಸಿದ, ಹೆಗಲ ಟವೆಲ್ಲಿನ ತುದಿಯನ್ನು ಬ್ಲೇಡು ಹಿಡಿದುಕೊಂಡಿತು. ಅದನ್ನು ಎಳೆಯಲು ಹೋದ ಬಲಗೈಯೂ ಟವೆಲ್ಲಿನ ಜೊತೆಗೇ ಹೋಗುತ್ತಿತ್ತು. ನಾನು? ಬೆರಳೆತ್ತಿ ನಿಂತಿದ್ದೆ. “ಯಾ ಅಲ್ಲಾ!” ಎಂದು ಲೋಟ ಎಸೆದು ಸ್ವಿಚ್ ಎಳೆದವನು ರೆಹಮಾನ್ ಭಾಯಿ. ಬ್ಲೇಡು ನಿಂತಾಗ ಅಣ್ಣನ ಹೆಬ್ಬೆರಳಿಗೂ ಅದರ ಹಲ್ಲಿಗೂ ನಡುವೆ ಬೆಂಕಿಕಡ್ಡಿ ಹಿಡಿಸುವಷ್ಟು ಜಾಗ ಉಳಿದಿತ್ತು.

ಭಾಯಿ ಉಸಿರು ತಿರುಗಿಸಿಕೊಂಡು ದೇವರ ಗೂಡಿನತ್ತ ಕೈ ತೋರಿಸಿದ. “ಆಚಾರ್ರೇ, ನಿಮ್ಮನ್ನ ಕಾಯಬೇಕಾದ್ದನ್ನ ನೀವೇ ಕಾಯ್ತಾ ಕೂತಿದ್ದೀರಲ್ಲ!”

ಅಣ್ಣ ಅದಕ್ಕೂ ನಕ್ಕ. “ಪೂಜೆ ಮಾಡಿ ಇಟ್ಟಿರೋದು ಭಾಯ್, ಅಂಗೆಲ್ಲಾ ತೆಗೆಯಕಾಯ್ತದಾ? ಏನೂ ಆಗ್ನಿಲ್ವಲ್ಲ.” ಸೋಮವಾರ ಮತ್ತೆ ಬರಿಯ ಬ್ಲೇಡಿನ ಮುಂದೆ ನಿಂತ.

ಏನೂ ಆಗಲಿಲ್ಲ, ನಿಜ. ಆದರೆ ನನಗೆ ಮಾತ್ರ ದಿನವೂ ಆಗುತ್ತಿತ್ತು. ರಾತ್ರಿ ಕಣ್ಣು ಮುಚ್ಚಿದರೆ ಬ್ಲೇಡಿಗೆ ಟವೆಲ್ಲು ಸುತ್ತಿಕೊಳ್ಳುತ್ತಿತ್ತು, ನಿದ್ದೆ ಹತ್ತುತ್ತಿರಲಿಲ್ಲ. ಬಸ್ಸಿನಲ್ಲಿ ಯಾರದೋ ಹೆಗಲ ಮೇಲೆ ಟವೆಲ್ಲು ಕಂಡರೆ ಸೀಟು ಬದಲಿಸುತ್ತಿದ್ದೆ. ಖಳನಾಯಕನ ಮಾತು ಅಣ್ಣನ ಬಾಯಲ್ಲಿ ಬಂತು ಎಂದುಕೊಳ್ಳಬಹುದಿತ್ತು. ಆದರೆ ಅವನ ಕತ್ತು ತಿರುಗಿಸಿದ ಮಾತು ನನ್ನದಲ್ಲವೇ? ಆ ಶೆಡ್ಡಿನಲ್ಲಿ ಖಳ ಯಾರೆಂದು ಕೇಳಿದರೆ, ಶಾಲು ಹೊದ್ದ ಸೇನಾಪತಿಯನ್ನೋ ಅಣ್ಣನನ್ನೋ ತೋರಿಸುವ ಧೈರ್ಯ ನನಗಿರಲಿಲ್ಲ.

ನನ್ನ ಮನಶ್ಶಾಸ್ತ್ರ ಮಾಡಲಾರದ್ದನ್ನು ಸಿಂಚನಾ ಮಾಡಿದಳು. ಹತ್ತನೆಯ ದಿನ, ಸೋಮವಾರ, ಸೇನಾಪತಿಯ ಆ ‘ಗೀರೂ ಬಿದ್ದಿಲ್ಲ’ ಮಾತನ್ನು ಹಲಗೆಯೊಂದರ ಮೇಲೆ ಅಪ್ಪನದೇ ಕೆಂಪು ಪೆನ್ಸಿಲ್ಲಿನಲ್ಲಿ ಬರೆದು, ಮಿಷನ್ನಿನ ಎದುರಿಗೆ ಮೊಳೆ ಹೊಡೆದಳು. ಅಣ್ಣ ಓದಿದ.

“ಯಾರವ್ವಾ ಇವನು, ನನ್ನಂಗೇ ಮಾತಾಡ್ತಾನೆ?”

“ವಿಲನ್ನು ಕಣಪ್ಪಾ.”

“ಕೊನೇಗೇನಾಯ್ತಾನೆ?”

“ಸಾಯ್ತಾನೆ. ಸಾಯೋವಾಗ್ಲೂ ಏನೂ ಆಗ್ನಿಲ್ಲ ಅಂತಲೇ ಅಂದ್ಕೊಂಡಿರ್ತಾನೆ.”

ಅಣ್ಣ ಮಗಳ ಮುಖವನ್ನೂ ತನ್ನ ಹೆಬ್ಬೆರಳನ್ನೂ ಒಂದಾದ ಮೇಲೊಂದು ನೋಡಿದ. ಸ್ಟೂಲು ಹತ್ತಿ ಗಾರ್ಡನ್ನು ಇಳಿಸಿದ, ಕುಂಕುಮ ಒರೆಸದೆಯೇ ಬ್ಲೇಡಿನ ಮೇಲೆ ಕೂರಿಸಿ ಬೋಲ್ಟು ಬಿಗಿದ. ಸ್ಪ್ಯಾನರು ನನ್ನ ಕೈಗೆ ಕೊಡುತ್ತ, ಮಗಳಿಗೆ ಕೇಳಿಸದಂತೆ, “ಅವತ್ತು ಭಯ ಆಗಿತ್ತು ಕಣ್ಲಾ” ಎಂದ.

ಆ ಸೇನಾಪತಿ ಇಷ್ಟೂ ಕಂತುಗಳಲ್ಲಿ ಒಮ್ಮೆಯೂ ಆಡದ ಮಾತು ಇದೊಂದೇ. ಆಡಿದ್ದರೆ ಪಾಪ, ಅವನೂ ಬದುಕುತ್ತಿದ್ದನೇನೋ. ನಾನು ವಿವರಿಸುವುದನ್ನು ಬಿಟ್ಟು, ಬೋಲ್ಟನ್ನು ಇನ್ನೊಂದು ಸುತ್ತು ಬಿಗಿದೆ.

ಮಂಗಳವಾರ ಬೆಳಗ್ಗೆ ನನ್ನನ್ನು ಎಬ್ಬಿಸಿದ್ದು ಗರಗಸದ ಸದ್ದು. ಗಂಟೆ ಒಂಬತ್ತು, ಪಾಂಡವಪುರದ ಬಸ್ಸು ಯಾವಾಗಲೋ ಹೋಗಿತ್ತು. ಮಗ್ಗುಲು ಬದಲಿಸಿ ಇನ್ನೂ ಹತ್ತು ನಿಮಿಷ ಮಲಗಿದೆ.